ನೂರು ವರ್ಷದ ಹಿಂದಿನ ನಿನ್ನೆ

ನನ್ನ ಮಾವನವರು ಜಗತ್ತಿಗಿಂತ ಸರಿಯಾಗಿ ನೂರು ವರ್ಷ ಹಿಂದಿದ್ದಾರೆ. ಅಳಿಯನಾದವನು ಹೀಗೆ ಬರೆಯಬಹುದೇ ಎಂದು ಹುಬ್ಬೇರಿಸಬೇಡಿ. ಇದು ನಿಂದೆಯಲ್ಲ, ಅವರ ದಿನಚರಿ. ನೂರು ವರ್ಷವೆಂದರೆ ನೂರೇ. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ.

ಅವರು ಮೈಸೂರಿನ ತಂತಿ ಕಚೇರಿಯಲ್ಲಿ ಆಯುಷ್ಯವೆಲ್ಲ ಟಿಕ್ ಟಿಕ್ ಕುಟ್ಟಿ ನಿವೃತ್ತರಾದವರು. ಅತ್ತೆಯವರು ತೀರಿಕೊಂಡ ಮೇಲೆ ದೇಶ ಬಿಟ್ಟು, ಕಡಲಾಚೆಯ ಪಾಸಿರ್ ರಿಸ್‌ನಲ್ಲಿರುವ ನಮ್ಮ ಒಂಬತ್ತನೆಯ ಮಹಡಿಯ ಮನೆಗೆ ಬಂದರು. ಭಾರತದಲ್ಲಿ ತಂತಿ ಸೇವೆಯನ್ನೇ ಮುಚ್ಚಿದರು ಎಂಬ ಸುದ್ದಿ ಕೇಳಿದ ದಿನ ರಾತ್ರಿಯ ಊಟ ಬಿಟ್ಟರು. ಹತ್ತು ದಿನ ಗಡ್ಡ ಬೋಳಿಸಲಿಲ್ಲ. ಹನ್ನೊಂದನೆಯ ದಿನ ತಲೆಗೆ ನೀರು ಹಾಕಿಕೊಂಡು ಬಂದು ನನ್ನ ಹಳೆಯ ಲ್ಯಾಪ್‌ಟಾಪ್ ಕೇಳಿದರು. ತಂತಿ ಬದುಕಿದ್ದ ಕಾಲದ ಪತ್ರಿಕೆಗಳನ್ನು ಓದಬೇಕಂತೆ.

ಅಮೆರಿಕದ ಹಳೆಯ ಪತ್ರಿಕೆಗಳನ್ನು ಯಾರೋ ಪುಣ್ಯಾತ್ಮರು ಪುಟಪುಟವಾಗಿ ಇಂಟರ್‌ನೆಟ್ಟಿಗೆ ಏರಿಸಿದ್ದರು. ಅಲ್ಲಿ ಮಾವನವರ ಕಣ್ಣಿಗೆ ಬಿದ್ದದ್ದು ಬೇಸ್‌ಬಾಲ್. ದೂರದ ಊರಿನಲ್ಲಿ ನಡೆದ ಆಟದ ಸುದ್ದಿ ತಂತಿಯಲ್ಲಿ ಬರುತ್ತಿತ್ತು, ಪತ್ರಿಕಾ ಕಚೇರಿಯ ಎದುರು ಸಾವಿರಾರು ಜನ ಬೀದಿಯಲ್ಲೇ ನಿಂತು ಕಾಯುತ್ತಿದ್ದರು ಎಂದು ಓದಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಮ್ಮೋರಿಗೆ ಎಂಥಾ ಮರ್ಯಾದೆ ಇತ್ತು ನೋಡಿ ಅಳಿಯಂದಿರೇ."

ನಮ್ಮೋರು ಎಂದರೆ ಅಮೆರಿಕದ ತಂತಿ ಗುಮಾಸ್ತರು.

ಹೀಗಾಗಿ ಎರಡು ಸಾವಿರದ ಹದಿನಾಲ್ಕರ ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲಿ ಸಾವಿರದ ಒಂಬೈನೂರ ಹದಿನಾಲ್ಕರ ಸೀಸನ್ ಆರಂಭವಾಯಿತು. ನಿಯಮ ಸರಳ. ಇವತ್ತು ಜೂನ್ ಮೂರಾದರೆ ನೂರು ವರ್ಷ ಹಿಂದಿನ ಜೂನ್ ಮೂರರ ಪತ್ರಿಕೆ, ಅದರ ಆಟದ ಪುಟ, ಅಷ್ಟೇ. ನಾಳೆಯ ಪತ್ರಿಕೆ ಒಂದೇ ಬೆರಳಿನ ದೂರದಲ್ಲಿದ್ದರೂ ಮುಟ್ಟುವಂತಿಲ್ಲ. ಕಣ್ಣು ತಪ್ಪಿಯೂ ಅತ್ತ ಹೋಗಬಾರದೆಂದು ಲ್ಯಾಪ್‌ಟಾಪಿನ ಅರ್ಧ ಪರದೆಗೆ ಟವೆಲ್ ಹೊದಿಸಿರುತ್ತಿದ್ದರು. ಅವರು ಆರಿಸಿಕೊಂಡದ್ದು ಬಾಸ್ಟನ್ ಊರಿನ ಒಂದು ತಂಡವನ್ನು. ಎಂಟು ತಂಡಗಳ ಪಟ್ಟಿಯಲ್ಲಿ ಅದು ಎಂಟನೆಯದು.

"ಅದೇ ಯಾಕೆ ಮಾವ?"

"ಗೆಲ್ಲೋರಿಗೆ ಜನ ಇದ್ದೇ ಇರ್ತಾರೆ."

ನನಗೆ ಆಟದ ತಲೆಬುಡ ತಿಳಿಯದು. ಊಟದ ಮೇಜಿನ ಮೇಲೆ ನಾಲ್ಕು ಲೋಟ ಚೌಕವಾಗಿಟ್ಟು ಪಾಠ ಹೇಳಿದರು. ಮೊದಲ ಲೋಟದಿಂದ ಹೊರಟು, ಉಳಿದ ಮೂರೂ ಲೋಟ ಮುಟ್ಟಿ, ಹೊರಟಲ್ಲಿಗೇ ಜೀವಸಹಿತ ವಾಪಸು ಬಂದರೆ ಒಂದು ರನ್. ಪಾಸಿರ್ ರಿಸ್‌ನಿಂದ ಪಾಯಾ ಲೆಬಾರ್‌ನ ಕಚೇರಿಗೆ ಹೋಗಿ ನಾನು ಹದಿಮೂರು ವರ್ಷದಿಂದ ಮಾಡುತ್ತಿರುವುದೂ ಅದನ್ನೇ. ನನಗೆ ಯಾರಾದರೂ ರನ್ ಕೊಟ್ಟಿದ್ದಾರೆಯೇ?

ಆಗ ಜಗತ್ತಿಗೆಲ್ಲ ಫುಟ್‌ಬಾಲ್ ಜ್ವರ. ನಮ್ಮ ಬ್ಲಾಕಿನ ಕೆಳಗೆ ಜನ ಹರಟೆಗೆ ಕೂರುವ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಒಂದು ಸಂಜೆ ಬೆಂಗಳೂರಿನ ಬ್ಯಾಂಕ್ ಹುಡುಗನೊಬ್ಬ ಮಾವನವರನ್ನು ಮಾತಿಗೆಳೆದ.

"ಅಂಕಲ್, ಯಾವ ಟೀಮ್ ಸಪೋರ್ಟ್ ಮಾಡ್ತಿದೀರಾ?"

"ಬಾಸ್ಟನ್."

"ಅದು ವರ್ಲ್ಡ್ ಕಪ್‌ನಲ್ಲಿ ಇಲ್ವಲ್ಲ ಅಂಕಲ್?"

"ಬೇಸ್‌ಬಾಲಪ್ಪ. ನಿನ್ನೆ ತೀರಾ ಕೆಟ್ಟದಾಗಿ ಸೋತ್ರು."

"ಓ, ಲೈವ್ ಫಾಲೋ ಮಾಡ್ತೀರಾ? ಯಾವ ಚಾನೆಲ್?"

"ಪೇಪರು. ನಿನ್ನೆ ಅಂದ್ರೆ ನೂರು ವರ್ಷದ ಹಿಂದಿನ ನಿನ್ನೆ."

ಹುಡುಗ ನನ್ನ ಕಡೆ ನೋಡಿದ. ನಾನು ಲಿಫ್ಟಿನ ಕಡೆ ನೋಡಿದೆ.

ಇನ್ನೊಂದು ಬೆಳಿಗ್ಗೆ, ಬಿಸಿಲು ಚುರುಗುಟ್ಟುತ್ತಿರುವಾಗ, ಕೊಡೆ ಹಿಡಿದು ತರಕಾರಿಗೆ ಹೊರಟರು. ನನ್ನ ಹೆಂಡತಿ ಕೇಳಿಯೇಬಿಟ್ಟಳು. "ಅಪ್ಪಾ, ಮಳೆ ಎಲ್ಲಿದೆ?" "ಬಾಸ್ಟನ್‌ನಲ್ಲಿ. ಆಟ ಕ್ಯಾನ್ಸಲ್ ಆಗಿದೆ," ಎಂದು ಮುಖ ಬಾಡಿಸಿಕೊಂಡು ನಡೆದರು. ಮಾರನೆಯ ದಿನ ಆ ಊರಿನವರು ಒಂದೇ ದಿನ ಎರಡು ಆಟ ಆಡಿದರು. ನಮ್ಮ ಮನೆಯಲ್ಲಿ ಎರಡು ಸಲ ಕಾಫಿ ಇಳಿಸಬೇಕಾಯಿತು.

ಇವೆಲ್ಲದರ ಮಧ್ಯೆ ಅವರದು ಒಂದೇ ಬೇಡಿಕೆ. ಕೊನೆಗೆ ಯಾರು ಗೆದ್ದರು ಎಂದು ಮನೆಯಲ್ಲಿ ಯಾರೂ ಹುಡುಕಬಾರದು. ಹುಡುಕಿದರೂ ಬಾಯಿ ಬಿಡಬಾರದು. ಒಂದು ದಿನ ನನ್ನನ್ನು ಕೂರಿಸಿಕೊಂಡು ಗಂಭೀರವಾಗಿ ಹೇಳಿದರು. "ನೋಡಿ, ನನ್ನ ಶುಗರ್ ರಿಪೋರ್ಟ್ ಏನು ಬರುತ್ತೆ ನನಗೆ ಗೊತ್ತು. ರಾತ್ರಿ ಏನಡುಗೆ, ಗೊತ್ತು. ನೀವು ಆಫೀಸಿಂದ ಬಂದು ಏನಂತೀರಿ, ಅದೂ ಗೊತ್ತು. ಗೊತ್ತಿಲ್ಲದ್ದು ಅಂತ ನನಗೆ ಉಳಿದಿರೋದು ಇದೊಂದೇ. ಕೆಡಿಸಬೇಡಿ." ನಾವು ಮೂವರೂ ಮಾತು ಕೊಟ್ಟೆವು. ಮೂರನೆಯವಳು ಹತ್ತು ವರ್ಷದ ನನ್ನ ಮಗಳು.

ಜುಲೈ ತಿಂಗಳಿನಲ್ಲಿ ಆಗಬಾರದ್ದು ಆಯಿತು. ಬಾಸ್ಟನ್ ಇನ್ನೂ ಎಂಟನೆಯ ಸ್ಥಾನದಲ್ಲೇ ಕೂತಿತ್ತು. ಆ ಬೆಳಿಗ್ಗೆ ಮತ್ತೊಂದು ಸೋಲಿನ ಸುದ್ದಿ ಓದಿದ ಮಾವನವರು ದೋಸೆಯ ಎದುರು ಕೈಕಟ್ಟಿ ಕೂತುಬಿಟ್ಟರು. ಅಡುಗೆಮನೆಯಲ್ಲಿ ಹೆಂಡತಿ ಚಟ್ನಿ ರುಬ್ಬುತ್ತಿದ್ದಳು. ಮಗಳಿಗೆ ತಾತನ ಮುಖ ನೋಡಲಾಗಲಿಲ್ಲ.

"ತಾತಾ, ಸ್ಯಾಡ್ ಆಗ್ಬೇಡ ಲಾ. ಲಾಸ್ಟಲ್ಲಿ ಅವರೇ ಚಾಂಪಿಯನ್ ಆಗ್ತಾರೆ. ಫೈನಲ್ಸ್‌ನಲ್ಲಿ ನಾಲ್ಕಕ್ಕೆ ನಾಲ್ಕೂ ವಿನ್. ನಾನು ಚೆಕ್ ಮಾಡ್ದೆ."

ನನ್ನ ಕೈಯಲ್ಲಿದ್ದ ದೋಸೆಯ ಚೂರು ಅಲ್ಲೇ ನಿಂತಿತು. ತಾನೇನು ಮಾಡಿದೆನೆಂದು ಆ ಕ್ಷಣ ಹೊಳೆದು ಮಗಳ ಮುಖ ಬೆಳ್ಳಗಾಯಿತು. ಮಾವನವರು ನಿಧಾನವಾಗಿ ತಲೆಯೆತ್ತಿ, ಕಿವಿಯ ಹಿಂದೆ ಕೈಯಿಟ್ಟು, "ಏನಂದೆ ಪುಟ್ಟಿ? ಈ ಮಿಕ್ಸಿ ಗಲಾಟೇಲಿ ಒಂದೂ ಕೇಳ್ಸಲ್ಲ," ಎಂದರು.

"ನಥಿಂಗ್ ತಾತ. ದೋಸೆ ತಿನ್ನು ಅಂದೆ."

ಮಗಳು ಬಾತ್‌ರೂಮಿಗೆ ಹೋಗಿ ಅತ್ತು ಬಂದಳು. ಅವಳಮ್ಮ ಸಮಾಧಾನ ಮಾಡಿದಳು. ತಾತನಿಗೆ ಕೇಳಿಸಿಲ್ಲ, ಇನ್ನು ಅಕ್ಟೋಬರ್‌ವರೆಗೆ ತುಟಿ ಬಿಚ್ಚಬೇಡ ಎಂದು ತೀರ್ಮಾನವಾಯಿತು. ನಾನಂತೂ ಆ ಮಿಕ್ಸಿಯನ್ನು ಕುಟುಂಬದ ಹಿತೈಷಿಗಳ ಪಟ್ಟಿಗೆ ಸೇರಿಸಿದೆ.

ಆಮೇಲೆ ಬಾಸ್ಟನ್ ಗೆಲ್ಲತೊಡಗಿತು. ಏಳನೆಯದಾಯಿತು, ಮೇಲೇರುತ್ತ ಹೋಯಿತು. ಮಾವನವರ ಅವಸ್ಥೆ ಹೇಳತೀರದು. ಪತ್ರಿಕೆ ತೆರೆಯುವ ಮುನ್ನ ಮನೆ ಹತ್ತಿರದ ಪಾರ್ಕಿನ ಕಡಲತೀರದಲ್ಲಿ ಎರಡು ಸುತ್ತು ನಡೆಯುವರು. ತೆರೆದ ಮೇಲೆ ತಲೆಬರಹವನ್ನು ಅಂಗೈಯಿಂದ ಮುಚ್ಚಿ ಕೆಳಗಿನಿಂದ ಮೇಲಕ್ಕೆ ಓದುವರು. ಆಗಸ್ಟ್ ಬಂತು, ಅದೇ ಪತ್ರಿಕೆಗಳ ಮೊದಲ ಪುಟದಲ್ಲಿ ಮಹಾಯುದ್ಧ ಶುರುವಾಯಿತು. ಅದನ್ನೂ ಓದಬಾರದೇ ಎಂದರೆ, "ಅದರ ರಿಸಲ್ಟ್ ಗೊತ್ತಲ್ಲ," ಎಂದು ಆಟದ ಪುಟಕ್ಕೆ ಹೋದರು.

ದಿನವೂ ಮೊಮ್ಮಗಳನ್ನು ಕೇಳುವರು. "ಪುಟ್ಟಿ, ಗೆಲ್ತಾರೆ ಅಂತೀಯಾ?"

ಅವಳು ನ್ಯಾಯಾಧೀಶರ ಗಾಂಭೀರ್ಯದಿಂದ, "ಹೌ ಟು ನೋ, ತಾತ? ವೆಯ್ಟ್ ಮಾಡಿ ನೋಡೋಣ," ಎನ್ನುವಳು.

ಆಮೇಲೆ ಅಡುಗೆಮನೆಗೆ ಓಡಿಬಂದು ಅಮ್ಮನ ಬೆನ್ನಿಗೆ ಮುಖ ಒತ್ತಿಕೊಂಡು ನಗುವಳು. ಮೂರು ತಿಂಗಳು ನಮ್ಮ ಮನೆಯಲ್ಲಿ ಇದೇ ಕಲಾಪ.

ಅಕ್ಟೋಬರ್‌ನಲ್ಲಿ ಕೊನೆಯ ಆಟ. ಮಾವನವರು ಎಲ್ಲರನ್ನೂ ಕೂರಿಸಿಕೊಂಡು ಸಾಲುಸಾಲಾಗಿ ಗಟ್ಟಿಯಾಗಿ ಓದಿದರು. ನಾಲ್ಕಕ್ಕೆ ನಾಲ್ಕೂ. ಎದ್ದು ನಿಂತು ಚಪ್ಪಾಳೆ ತಟ್ಟಿ, ನನ್ನ ಕೈ ಕುಲುಕಿ, ಮೊಮ್ಮಗಳನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡರು. ಅವಳು ಕುಣಿದ ಕುಣಿತಕ್ಕೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು.

ಮಾರನೆಯ ಬೆಳಿಗ್ಗೆ ಕಡಲತೀರದಲ್ಲಿ ನಾವಿಬ್ಬರೇ ನಡೆಯುತ್ತಿದ್ದೆವು. ಇನ್ನು ಹೇಳಿದರೆ ತೊಂದರೆಯಿಲ್ಲವೆಂದು ನಾನೇ ಬಾಯಿ ಬಿಟ್ಟೆ.

"ಜುಲೈನಲ್ಲಿ ಒಂದಿನ ನಿಮ್ಮ ಸೀಸನ್ ಕೆಟ್ಟೇ ಹೋಗ್ತಿತ್ತು ಮಾವ. ಪುಟ್ಟಿ ರಿಸಲ್ಟ್ ಹೇಳ್ಬಿಟ್ಟಿದ್ಲು. ಏನೋ, ಮಿಕ್ಸಿ ಕಾಪಾಡ್ತು."

ಮಾವನವರು ಸಮುದ್ರದ ಕಡೆ ನೋಡುತ್ತಲೇ ಇದ್ದರು.

"ಅವಳು ಹೇಳೋ ಹೊತ್ತಿಗೆ ಮಿಕ್ಸಿ ನಿಂತಿತ್ತು, ಅಳಿಯಂದಿರೇ."

ಅವರೇ ಮುಂದುವರಿಸಿದರು.

"ತಂತಿ ಆಫೀಸಲ್ಲಿ ಯಾರ ಮನೆ ಸಾವಾದ್ರೂ ಮನೆಯೋರಿಗಿಂತ ಮುಂಚೆ ನಮಗೆ ಗೊತ್ತಾಗೋದು. ಒಂದ್ಸಲ ಅಂಥದ್ದೇ ಮೆಸೇಜ್ ಬರ್ಕೊಂಡು ತಂತಿ ಹಂಚೋ ಹುಡುಗನ ಕೈಗೆ ಕೊಟ್ಟು ಟೀ ಕುಡಿಯಕ್ಕೆ ಆಚೆ ಬಂದೆ. ಆ ಮನೆ ಯಜಮಾನ್ರೇ ಎದುರಿಗೆ. ಚೆನ್ನಾಗಿದೀರಾ ಅಂದ್ರು. ಚೆನ್ನಾಗಿದೀನಿ, ನೀವು ಅಂದೆ. ಅವರೂ ಚೆನ್ನಾಗಿದೀನಿ ಅಂದ್ರು. ಇನ್ನೊಂದು ಅರ್ಧ ಗಂಟೆ ಅವರು ಚೆನ್ನಾಗಿರಲಿ ಬಿಡಿ, ಅಲ್ವಾ?"

ಪಾರ್ಕಿನ ತುದಿ ಮುಟ್ಟಿ ಮನೆಯ ಕಡೆ ತಿರುಗಿದೆವು.

"ಹಾಗಾದ್ರೆ ನಿಮ್ಮ ಸೀಸನ್ ಕೆಟ್ಟೇ ಹೋಯ್ತಲ್ಲ ಮಾವ?"

"ಕೆಟ್ಟೇ ಹೋಯ್ತು," ಎಂದರು. "ಏನ್ಮಾಡೋದು. ಕೂಸು ನನ್ನ ಮುಖ ನೋಡಲಾರದೆ ಹೇಳಿದ್ದು. ನನಗೆ ಕೇಳಿಸ್ತು ಅಂತ ಅವಳಿಗೆ ಯಾವತ್ತೂ ಗೊತ್ತಾಗಬಾರದು."

ಗೊತ್ತಾಗಿಲ್ಲ. ನಾನು ಇದನ್ನು ಧೈರ್ಯವಾಗಿ ಬರೆಯುತ್ತಿರುವುದು ಮಗಳಿಗೆ ಕನ್ನಡ ಓದಲು ಬಾರದೆಂಬ ಭರವಸೆಯಿಂದ. ಇಲ್ಲಿನ ಶಾಲೆಯಲ್ಲಿ ಕನ್ನಡ ಕಲಿಸುವುದಿಲ್ಲ, ದಾಖಲೆಯಲ್ಲಿ ಅವಳ ಮಾತೃಭಾಷೆ ಹಿಂದಿ. ಆದರೆ ಸೀಸನ್ ಮುಗಿದು ಸಂಜೆಗಳು ಖಾಲಿಯಾಗಿವೆ ನೋಡಿ, ಮಾವನವರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದಾರೆ. ಕಾಗುಣಿತ ಮುಗಿದು ಒತ್ತಕ್ಷರಕ್ಕೆ ಬಂದಿದ್ದಾರೆ. ಸ್ವಲ್ಪ ನಿಧಾನವಾಗಿ ಕಲಿಸಿ ಮಾವ ಎಂದು ಕೇಳಿಕೊಂಡಿದ್ದೇನೆ.