ಕೋತಿ ಕಾಯುವ ಕ್ಯಾಮೆರಾ

ಕೆಟ್ಟುಹೋದ ಯಂತ್ರ ಕಣ್ಣಿಗೆ ಬಿದ್ದರೆ ಬಿಚ್ಚದೆ ಬಿಡುವುದು ನನ್ನಿಂದಾಗದು. ಇದನ್ನು ಚಟವೆಂದು ಒಪ್ಪಿಕೊಳ್ಳುವ ವಯಸ್ಸು ಈಗ ಬಂದಿದೆ. ಜನ ಪಾಪ ಕಳೆದುಕೊಳ್ಳಲು ಕಾಶಿಗೆ ಬರುತ್ತಾರೆ. ನಾನು ನಿವೃತ್ತನಾಗಿ ಇಲ್ಲಿನ ಶಿವಾಲ ಬಡಾವಣೆಗೆ ಬಂದಾಗ ಟ್ರಂಕಿನಲ್ಲಿ ಪಂಚೆಗಳಿಗಿಂತ ಹಳೆಯ ವೈರುಗಳೇ ಹೆಚ್ಚಿದ್ದವು.

ಮೇಲಿನ ಕೋಣೆಯ ಪುಟ್ಟಮ್ಮನವರು ಗಂಡ ತೀರಿಕೊಂಡ ಮೇಲೆ ಹಾಸನದ ಕಡೆಯಿಂದ ಕಾಶಿವಾಸಕ್ಕೆ ಬಂದವರು. ಅವರು ತಾರಸಿಯಲ್ಲಿ ಒಣಹಾಕಿದ ಸಂಡಿಗೆಯನ್ನು ಕೋತಿಗಳು ದಿನವೂ ಪ್ರಸಾದದಂತೆ ಸ್ವೀಕರಿಸುತ್ತಿದ್ದವು. ನಾನು ಸುಮ್ಮನಿರುವೆನೇ? ಹಳೆಯ ಮೊಬೈಲೊಂದನ್ನು ಕ್ಯಾಮೆರಾ ಮಾಡಿ ಕಂಬಕ್ಕೆ ಕಟ್ಟಿದೆ. ಕೆಳಗೆ ಕೂತು ಫೋನಿನಲ್ಲಿ ನೋಡುವುದು, ಕೋತಿ ಬಂದರೆ ಕೋಲು ಹಿಡಿದು ಮೇಲಕ್ಕೆ ಓಡುವುದು. ಮರೆಯಬಾರದೆಂದು ‘ಹರಹರ ಮಹಾದೇವ’ ಎಂದೇ ಪಾಸ್‌ವರ್ಡ್ ಇಟ್ಟೆ. ಈ ಊರಿನಲ್ಲಿ ಹಾಲಿನವನಿಂದ ದೋಣಿಯವನವರೆಗೆ ಎಲ್ಲರೂ ಬಾಯಿತುಂಬ ಕೂಗುವ ಮಾತದು ಎಂಬುದು ಆಗ ಹೊಳೆಯಲಿಲ್ಲ.

ಕ್ಯಾಮೆರಾಕ್ಕೆ ಕಿವಿಯೂ ಇತ್ತು. ಮಧ್ಯಾಹ್ನ ಮೂರಕ್ಕೆ ಪುಟ್ಟಮ್ಮನವರು ತಾರಸಿಯಲ್ಲಿ ಕೂತು, ತೀರಿಕೊಂಡ ಗಂಡನೊಡನೆ ಮಾತಾಡುತ್ತಿದ್ದರು. ಸುತ್ತಲೂ ಹಿಂದಿಯವರು, ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. “ಕೆಳಗಿನ ಮನೆಯೋರು ಒಳ್ಳೇರು ಕಣ್ರೀ. ಎಲ್ಲಾನೂ ಬಿಚ್ತಾರೆ, ಮುಚ್ಚಕ್ಕೆ ಮಾತ್ರ ಬರಕಿಲ್ಲ” ಎಂದರು. ಅಂದಿನಿಂದ ಕೋತಿ ಮರೆತೇಹೋಯಿತು. ಮತ್ತೆ ನನ್ನ ಸುದ್ದಿ ಬಂದೀತೆಂದು ದಿನವೂ ಕಿವಿಗೊಟ್ಟೆ. ಬಂದದ್ದು ಬೇರೆಯೇ. ಕೊನೆಯ ದಿನ ಗಂಡ ಕಾಫಿ ಕೇಳಿದ್ದರಂತೆ. ಡಾಕ್ಟರು ಬೇಡವೆಂದರೆಂದು ಇವರು ಕೊಡಲಿಲ್ಲವಂತೆ. ಅದಕ್ಕೆ ದಿನವೂ ಕ್ಷಮೆ ಕೇಳುತ್ತಿದ್ದರು. ಸಂಕಟವಾಗುತ್ತಿತ್ತು, ಆದರೂ ಕೇಳುತ್ತಿದ್ದೆ.

ಪಕ್ಕದ ಲಾಡ್ಜಿನ ಮ್ಯಾನೇಜರ್ ಇಲ್ಲೇ ಹುಟ್ಟಿ ಬೆಳೆದ ಕನ್ನಡಿಗ. ಒಂದು ಬೆಳಿಗ್ಗೆ ಗಲ್ಲಿಯಲ್ಲಿ ನಿಲ್ಲಿಸಿ, “ಅಂಕಲ್, ನಿಮ್ಮ ಬಂದರ್ ಕ್ಯಾಮೆರಾ ಬಢಿಯಾ ಇದೆ! ನನ್ನ ಫೋನಲ್ಲಿ ಅದರ ವೈಫೈ ಹೆಸರು ಕಾಣಿಸ್ತು. ಹರಹರ ಮಹಾದೇವ ಅಂತ ಹಾಕಿದೆ, ಖುಲ್ ಗಯಾ, ತೆರೆದೇಬಿಡ್ತು. ಕರ್ನಾಟಕದ ಯಾತ್ರಿಗಳಿಗೂ ತೋರಿಸಿದೆ. ಅಮ್ಮನ ಕಾಫಿ ಮಾತು ಕೇಳಿ ಒಬ್ರು ಅತ್ತೇಬಿಟ್ರು” ಎಂದ.

ಮನೆಗೆ ಓಡಿ, ಹದಿನಾರು ಅಕ್ಷರದ ಹೊಸ ಪಾಸ್‌ವರ್ಡ್ ಜಡಿದು, ಪುಟ್ಟಮ್ಮನವರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಎಲ್ಲವನ್ನೂ ಎಂದರೆ ಲಾಡ್ಜಿನವರು ಕೇಳಿದ್ದನ್ನು ಮಾತ್ರ. “ಇನ್ನು ಯಾರೂ ಕೇಳಲಾರರು” ಎಂದು ಭರವಸೆಯನ್ನೂ ಕೊಟ್ಟೆ.

ಅವರು ಸಂಡಿಗೆಯೊಂದನ್ನು ತಿರುವಿಹಾಕಿದರು. ಆಮೇಲೆ, “ನೀವೂ ಕೇಳ್ತಿದ್ರಾ, ಅಣ್ಣಾ?” ಎಂದರು.

ಆ ಹದಿನಾರು ಅಕ್ಷರಗಳು ಊರಿಗೆಲ್ಲ ಬಾಗಿಲು ಹಾಕಿ ನನ್ನೊಬ್ಬನನ್ನು ಒಳಗೇ ಉಳಿಸಿಕೊಂಡಿದ್ದವು. ಕ್ಯಾಮೆರಾ ಬಿಚ್ಚಿ ಅವರ ಕೈಗಿಟ್ಟೆ.

ಈಗ ಕೋಲು ಹಿಡಿದು ತಾರಸಿಯಲ್ಲಿ ನಾನೇ ಕೂರುತ್ತೇನೆ. ಮೂರು ಗಂಟೆಯಾಗುತ್ತಲೇ ಪುಟ್ಟಮ್ಮನವರು, “ನೀವಿನ್ನು ಕೆಳಕ್ಕೋಗಿ ಅಣ್ಣಾ” ಎನ್ನುತ್ತಾರೆ. ಎದ್ದು ಇಳಿಯುತ್ತೇನೆ. ಆ ಹೊತ್ತಿನಲ್ಲಿ ಕೋತಿಗಳು ಅಲ್ಲಿರಬಹುದು; ನಾನಿರುವಂತಿಲ್ಲ.