ಬಾಟಲಿಯೊಳಗೆ ಹೋಗದ ಮೊಟ್ಟೆ

ಟಿವಿಯಲ್ಲಿ ವಿಜ್ಞಾನದ ಪ್ರಯೋಗ ತೋರಿಸುತ್ತಿದ್ದ ಮೇಷ್ಟ್ರು ಅಂತ ಈಗಲೂ ಜನ ನನ್ನನ್ನು ದಾರಿಯಲ್ಲಿ ಗುರುತು ಹಿಡಿಯುತ್ತಾರೆ. "ನಿಮ್ಮ ಕೈಯಲ್ಲಿ ಒಂದೂ ತಪ್ಪಿದ್ದೇ ಇಲ್ಲ ಬಿಡಿ ಸಾರ್" ಅನ್ನುತ್ತಾರೆ. ತಕ್ಷಣ ನನ್ನ ಕಿವಿ ಬಿಸಿಯಾಗುತ್ತದೆ. ಐವತ್ತರ ದಶಕದ ಕೊನೆಯಲ್ಲಿ ನಾನು ಹೊಸ ಮೇಷ್ಟ್ರು, ಪ್ರೊಬೇಷನ್ನಿನಲ್ಲಿದ್ದೆ. ಮಧುಗಿರಿಯಿಂದ ಬರುವ ಸ್ಕೂಲ್ ಇನ್ಸ್‌ಪೆಕ್ಟರು ಮೂರು ವರ್ಷದೊಳಗೆ ಪಾಠ ನೋಡಿ "ಖಾಯಂ" ಅಂತ ಬರೆದರೆ ಉಂಟು, ಇಲ್ಲದಿದ್ದರೆ ಊರಿಗೆ ವಾಪಸ್ಸು. ಅವರ ಮುಂದೇ ನನಗೆ ಹೀಗೆಲ್ಲ ಆಗಬೇಕೆ?

೧. ಸಿರಾ

ಉರಿಯುವ ಕಾಗದ ಹಾಕಿದ ಬಾಟಲಿಯ ಬಾಯಿಗೆ ಮೊಟ್ಟೆ ಇಟ್ಟರೆ, ಹೊರಗಿನ ಗಾಳಿ ಅದನ್ನು ಒಳಕ್ಕೆ ತಳ್ಳುತ್ತದೆ ಅಂತ ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದೆ. ನಮ್ಮದು ಮೊಟ್ಟೆಯ ಹೆಸರೆತ್ತದ ಮನೆ. ತಲೆ ತಗ್ಗಿಸಿಕೊಂಡು ಸಾಬರ ಅಂಗಡಿಗೆ ಹೋದೆ.

"ನೀವಾ ಮೇಷ್ಟ್ರೇ? ಮನೇಲಿ ಯಾರ್ದಾದ್ರೂ ತಬಿಯತ್ ಕೆಟ್ಟಿದೆಯಾ?" ಅಂತ ಸಾಬರು ಮರುಕದಿಂದ ಪೊಟ್ಟಣ ಕಟ್ಟಿಕೊಟ್ಟರು.

ಇನ್ಸ್‌ಪೆಕ್ಟರು ಬಂದರು. ಕಾಗದ ಹಚ್ಚಿದೆ, ಮೊಟ್ಟೆ ಇಟ್ಟೆ. ಅದು ಅಲ್ಲಾಡಲಿಲ್ಲ. ಅವರು ಬಗ್ಗಿ ನೋಡಿದರು. ನಾನು ಗಾಬರಿಯಲ್ಲಿ ಹೆಬ್ಬೆರಳಿನಿಂದ ಸ್ವಲ್ಪ ಒತ್ತಿದೆ. ಅರ್ಧ ಮೊಟ್ಟೆ ಅವರ ಕನ್ನಡಕಕ್ಕೆ, ಉಳಿದರ್ಧ ಜರಿ ಪಂಚೆಗೆ. ಮಡಿವಂತರು, ಪಾಪ, ಸೀದಾ ಬಾವಿಕಟ್ಟೆಗೆ ನಡೆದರು.

"ಸಾರ್, ಬೇಯ್ಸಿ ಸಿಪ್ಪೆ ತೆಗೀಬೇಕಿತ್ತು" ಅಂದ ಒಬ್ಬ ಹುಡುಗ.

"ಮೊದಲೇ ಹೇಳೋಕೇನಾಗಿತ್ತಯ್ಯಾ ನಿಂಗೆ?"

"ಮನೇಲಿ ಅಂಗೆ ಮಾಡ್ತೀವಿ ಸಾರ್. ಸೈನ್ಸಲ್ಲಿ ಹೆಂಗೋ ಏನೋ ಅಂತ ಸುಮ್ಕಿದ್ದೆ."

೨. ಕೊರಟಗೆರೆ ಕಡೆ

ಮುಂದಿನ ವರ್ಷ ಹೊಳವನಹಳ್ಳಿಗೆ ವರ್ಗವಾಯಿತು. ಮೊಟ್ಟೆಯ ಸಹವಾಸವೇ ಬೇಡ, ಸುಲಿದ ಬಾಳೆಹಣ್ಣೂ ಹಾಗೇ ಒಳಗೆ ಹೋಗುತ್ತದೆ ಅಂತ ಗೊತ್ತಾಗಿತ್ತು. ಸಂತೆಯ ದಿನವಲ್ಲ, ಹಣ್ಣಿಗೆ ಎಲ್ಲಿ ಹೋಗಲಿ? ಹೆಡ್‌ಮಾಸ್ಟರ ಮೇಜಿನ ಮೇಲೆ ತಟ್ಟೆಯಲ್ಲಿ ಒಂದೇ ಒಂದು ಇತ್ತು. ಎತ್ತಿಕೊಂಡೆ.

ಅದೇ ಇನ್ಸ್‌ಪೆಕ್ಟರು. ಈ ಸಲ ನನ್ನಿಂದ ಎರಡು ಮಾರು ದೂರ ಕೂತರು. ಹಣ್ಣು ಸೊಂಯ್ ಅಂತ ಬಾಟಲಿಯೊಳಗೆ ಇಳಿಯಿತು. ಹುಡುಗರು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ಟರು ಮಾತ್ರ ಹಣೆ ಹಣೆ ಚಚ್ಚಿಕೊಂಡರು.

ಇನ್ಸ್‌ಪೆಕ್ಟರು ಬಾಟಲಿಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು: "ಒಳಗೆ ಹೋಗಿದ್ದು ವಿಜ್ಞಾನ, ಒಪ್ಪಿದೆ. ಇವತ್ತು ಏಕಾದಶಿ, ನನ್ನ ಫಲಾಹಾರ ಆಚೆ ಬರೋದು ಯಾವಾಗ?"

ಏನೂ ಬರೆಯದೆ, ಹಸಿದುಕೊಂಡೇ ಬಸ್ಸು ಹತ್ತಿದರು.

೩. ಪಾವಗಡದ ಆಚೆ

ಮೂರನೆಯ ವರ್ಷ ತಿರುಮಣಿ. ಇದೇ ಕೊನೆಯ ಅವಕಾಶ. ತಿನ್ನುವ ವಸ್ತುವೇ ಬೇಡ ಅಂತ ಶಾಲೆಯ ಪಕ್ಕದ ಮನೆಯ ಅಜ್ಜಿಯಿಂದ ಒಂದು ಲೋಟ ನೀರು ಕೇಳಿ ತಂದೆ. ಮೇಲೆ ರಟ್ಟು ಮುಚ್ಚಿ, ಲೋಟ ತಲೆಕೆಳಗು ಮಾಡಿ, ಕೈ ಬಿಟ್ಟೆ. ಒಂದು ಹನಿಯೂ ಬೀಳಲಿಲ್ಲ! ಇನ್ಸ್‌ಪೆಕ್ಟರು "ಭೇಷ್" ಅಂದರು. ಬಾಗಿಲಲ್ಲಿ ನಿಂತಿದ್ದ ಅಜ್ಜಿಯೂ ಮೂಗಿನ ಮೇಲೆ ಬೆರಳಿಟ್ಟಳು. ನಾನು ಗೆದ್ದ ಗತ್ತಿನಲ್ಲಿ ನೀರನ್ನು ಕಿಟಕಿಯಿಂದಾಚೆ ಎರಚಿದೆ.

"ಏಮಯ್ಯಾ ಅಯ್ಯವಾರು!" ಮೇಷ್ಟ್ರಿಗೆ ಆ ಕಡೆಯವರನ್ನುವ ತೆಲುಗು ಹೆಸರು ಹಿಡಿದು ಅಜ್ಜಿ ಸಿಡಿದಳು. "ಒಂದು ಬಿಂದ್ಗೆ ನೀರಿಗೆ ಎರಡು ಮೈಲಿ ನಡೀತೀನಿ ನಾನು. ತಲೆಕೆಳಗಾದ್ರೂ ಬೀಳ್ದಂಗೆ ಅಷ್ಟೊತ್ತು ಇಟ್ಕೊಂಡಿದ್ದೋನು, ಕೊನೇಗೆ ನೀನೇ ಚೆಲ್ಲಿದ್ಯಲ್ಲಪ್ಪಾ!"

ನೆಲ ಬಿರಿದರೆ ಇಳಿದುಬಿಡೋಣ ಅನ್ನಿಸಿತು. ಸಂಜೆ ಎರಡು ಬಿಂದಿಗೆ ಹೊತ್ತು ತಂದು ಅವಳ ಮನೆಗೆ ಹಾಕಿದೆ.

ಹೊರಡುವಾಗ ಇನ್ಸ್‌ಪೆಕ್ಟರು ಅಂದರು: "ರಿಜಿಸ್ಟರಿನಲ್ಲಿ ಖಾಯಂ ಅಂತ ಬರೆದಿದೀನಿ. ನನ್ನ ಮನಸ್ಸಿನಲ್ಲಿ ಮಾತ್ರ, ಆ ಮೊಟ್ಟೆ ಒಳಗೆ ಹೋಗೋವರೆಗೂ ನೀವು ಪ್ರೊಬೇಷನ್ನೇ."

೪. ಟಿವಿ

ಇಪ್ಪತ್ತು ಚಿಲ್ಲರೆ ವರ್ಷದ ಮೇಲೆ ಟಿವಿಯವರು ಕರೆದರು. ಮೊದಲ ಕಾರ್ಯಕ್ರಮಕ್ಕೆ ಅವರೇ ಆರಿಸಿದ್ದು ಏನು ಗೊತ್ತೆ? ಮೊಟ್ಟೆ! ಈ ಸಲ ಸಿಪ್ಪೆ ಸುಲಿದೇ ಇಟ್ಟೆ. ಅದು ಗೊಣಗದೆ ಒಳಗೆ ಜಾರಿತು.

ವಾರ ಕಳೆಯುವಷ್ಟರಲ್ಲಿ ಮಧುಗಿರಿಯಿಂದ ಒಂದು ಕಾರ್ಡು ಬಂತು. ಮುದಿ ಕೈಯ ನಡುಗುವ ಅಕ್ಷರ.

"ಪಕ್ಕದ ಮನೆಯ ಟಿವಿಯಲ್ಲಿ ನೋಡಿದೆ. ಮುನ್ನೆಚ್ಚರಿಕೆಯಾಗಿ ಕನ್ನಡಕ ತೆಗೆದಿಟ್ಟು, ಹಳೇ ಪಂಚೆ ಉಟ್ಟು ಕೂತಿದ್ದೆ. ಬೇಯಿಸಿದ್ದೀರಿ, ಸಂತೋಷ. ನಿಮ್ಮ ಪ್ರೊಬೇಷನ್ ಇವತ್ತಿಗೆ ಮುಗಿಯಿತು."