ಷಡ್ಡಕನ ಬಚ್ಚಲಿನ ಬಿಸಿನೀರು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು. ಕೆಲವರು ಪಕ್ಕದವರ ಕಾರು ನೋಡಿ ಕರುಬುತ್ತಾರೆ, ಕೆಲವರು ಸೈಟು ನೋಡಿ. ನಾನು ಕರುಬಿದ್ದು ಭದ್ರಾವತಿಯ ಜನ್ನಾಪುರದಲ್ಲಿರುವ ನನ್ನ ಷಡ್ಡಕನ, ಅಂದರೆ ನಾದಿನಿಯ ಗಂಡನ, ಬಚ್ಚಲಿನ ಬಿಸಿನೀರಿಗೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಕಾರಣ ನಮ್ಮ ಅತ್ತೆ. ಮಂಡಿನೋವಿನ ಅವರಿಗೆ ಬೆಳಿಗ್ಗೆ ಎದ್ದ ಕೂಡಲೇ ಸುಡುಸುಡು ನೀರು ಬೇಕು. ಚಳಿಗಾಲಕ್ಕೆಂದು ಶಿವಮೊಗ್ಗದ ರಾಗಿಗುಡ್ಡದ ನಮ್ಮ ಮನೆಗೆ ಬಂದವರು ಮಾರನೆಯ ದಿನವೇ ಜನ್ನಾಪುರಕ್ಕೆ ಬ್ಯಾಗು ಕಟ್ಟುತ್ತಿದ್ದರು. "ಬೇಜಾರು ಮಾಡ್ಕೋಬೇಡಿ, ಅಲ್ಲಾದ್ರೆ ನಲ್ಲಿ ತಿರುಗಿಸಿದ್ರೆ ಸಾಕು, ಹಬೆ ಬರುತ್ತೆ." ಅವರನ್ನು ಬಸ್ಸು ಹತ್ತಿಸಿ ಬಂದ ನನ್ನ ಹೆಂಡತಿ, "ಅಮ್ಮ ಒಂದು ಚಳಿಗಾಲನಾದ್ರೂ ನನ್ನ ಜೊತೆ ಇರ್ಲಿ ಅಂತ ಆಸೆ ಕಣ್ರೀ" ಅಂದಾಗ ನಿಜಕ್ಕೂ ಸಂಕಟವಾಯಿತು. ಷಡ್ಡಕನ ಮೇಲೆ ಸಿಟ್ಟೂ ಬಂತು.

ಇಬ್ಬರ ತಾರಸಿಯ ಮೇಲೂ ಇರುವುದು ಒಂದೇ ನಮೂನೆಯ ಸೋಲಾರು. ಹಾಗಾಗಿ ಬಿಸಿಯ ಲೆಕ್ಕ ಹಾಕಲು ಹೊರಟೆ, ನನ್ನ ಮನೆಯದಲ್ಲ, ಅವನ ಮನೆಯದು. ಕದ್ದು ಗೀಸರು ಹಾಕುತ್ತಾನೆಂದು ನನ್ನ ಗುಮಾನಿ. ಒಂದು ಭಾನುವಾರ ಬೆಳಿಗ್ಗೆ ಹೋಗಿ ಅವನ ಕರೆಂಟು ಮೀಟರಿಗೆ ಕಣ್ಣಿಟ್ಟು ನಿಂತೆ. ಅತ್ತೆಯ ಸ್ನಾನ ಮುಗಿದರೂ ಅದರ ಓಟ ಹೆಚ್ಚಾಗಲಿಲ್ಲ.

"ಮೀಟರಲ್ಲೇನು ನೋಡ್ತೀರಿ ಮಾರಾಯ್ರೇ? ಬನ್ನಿ, ನೀವೂ ಒಂದು ಸ್ನಾನ ಮಾಡಿ" ಎಂದ. ಮಾಡಿದೆ. ನೀರು ಅಷ್ಟು ಚೆನ್ನಾಗಿತ್ತಲ್ಲ ಎಂದು ಇನ್ನಷ್ಟು ಉರಿಯಿತು.

ಅವನ ತಾರಸಿ ಹತ್ತಿ ನೋಡಿದೆ. ಸೋಲಾರು ಟ್ಯಾಂಕು ಬಚ್ಚಲಿನ ನೆತ್ತಿಯ ಮೇಲೇ ಇತ್ತು. ನಾನಾದರೋ ಭಾರವೆಲ್ಲ ನೈರುತ್ಯದಲ್ಲಿರಬೇಕೆಂಬ ವಾಸ್ತುವಿನ ಮಾತು ಕೇಳಿ ಟ್ಯಾಂಕನ್ನು ಆ ಮೂಲೆಗಿಟ್ಟವನು. ಬಚ್ಚಲಿರುವುದು ಇನ್ನೊಂದು ತುದಿಯ ವಾಯುವ್ಯದಲ್ಲಿ. ನಡುವೆ ತಾರಸಿಯ ಉದ್ದಕ್ಕೂ ಬರೀ ಮೈಯ ಪೈಪು. ಮನೆಗೆ ಬಂದು ಥರ್ಮಾಮೀಟರು ಹಿಡಿದರೆ, ಟ್ಯಾಂಕಿನಲ್ಲಿ ಕೈ ಸುಡುವ ನೀರು ಬಚ್ಚಲು ಸೇರುವಾಗ ಉಗುರುಬೆಚ್ಚಗಿತ್ತು. ಇಷ್ಟು ದಿನ ನಾನು ರಾಗಿಗುಡ್ಡದ ಗಾಳಿಯನ್ನು ಕಾಯಿಸುತ್ತಿದ್ದೆ.

ಟ್ಯಾಂಕು ಸರಿಸಲು ವಾಸ್ತುವಿನ ಭಯ. ಪೈಪಿಗೆ ಫೋಮು ಸುತ್ತಿ, ಅದರ ಮೇಲೆ ಗೋಣಿ, ಹಳೇ ಕಂಬಳಿ, ಕೊನೆಗೆ ಪ್ಲಾಸ್ಟಿಕ್ಕು ಬಿಗಿದು, ಅತ್ತೆಯನ್ನು ಕರೆಸಿದೆ.

ಬೆಳಿಗ್ಗೆ ಬಚ್ಚಲಿನಿಂದ ಹಬೆ ಬಂತು. ಹೊಗಳಿಕೆ ಕೇಳಲೆಂದು ನಾನು ಪೇಪರು ಓದುವವನಂತೆ ಅಲ್ಲೇ ಕೂತೆ. ಅತ್ತೆ ತಲೆಗೆ ಟವೆಲ್ಲು ಸುತ್ತಿಕೊಂಡು ಬಂದು ಮಗಳಿಗೆ ಹೇಳಿದರು:

"ಈ ಸಲ ಇಲ್ಲೇ ಇರ್ತೀನಿ ಕಣೇ. ನೀರು ಥೇಟ್ ಜನ್ನಾಪುರದ್ದೇ. ಪಾಪ, ನಿನ್ನ ಗಂಡ ಅಲ್ಲಿನ ಅಳಿಯಂದ್ರ ಹತ್ರ ಹೋಗಿ ಕಲ್ತ್ಕೊಂಡು ಬಂದಿದಾರೆ."

ಹೆಂಡತಿಯ ಕಣ್ಣು ತುಂಬಿ ಬಂತು. ನಾನು ಆವತ್ತು ತಣ್ಣೀರಲ್ಲಿ ಸ್ನಾನ ಮಾಡಿದೆ.